ಜೀವಕೋಶದ ಗ್ರಾಹಕ ಕ್ಯಾಲ್ಸಿಯಂ ಹೊತ್ತು ತರುವುದಿಲ್ಲ. ಹಾಗಾದರೆ ಅದು ಬರುವುದೆಲ್ಲಿಂದ?

ನೀವು ಮಂಡ್ಯದಲ್ಲಿ ಬಿ.ಎಸ್‌ಸಿ. ಓದುತ್ತಿರುವುದಾಗಿ ಬರೆದಿದ್ದೀರಿ. ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ (ಹೊರಗಿನ ಸಂದೇಶ ಹಿಡಿಯುವ ಪ್ರೋಟೀನ್, ರಿಸೆಪ್ಟರ್) ಹಾರ್ಮೋನ್ ಅಂಟಿದರೆ ಒಳಗೆ ಸಂಕೇತವಾಗಿ ಕ್ಯಾಲ್ಸಿಯಂ ಏರುತ್ತದೆ ಎಂದು ಪುಸ್ತಕದಲ್ಲಿದೆ, ಹಾಗಾದರೆ ಗ್ರಾಹಕವೇ ಕ್ಯಾಲ್ಸಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ, ಅಮ್ಮ ನುಂಗುವ ಕ್ಯಾಲ್ಸಿಯಂ ಮಾತ್ರೆಯಿಂದ ಈ ಸಂಕೇತವೂ ಹೆಚ್ಚುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ.

ಎರಡಕ್ಕೂ ಉತ್ತರ ‘ಇಲ್ಲ’. ಆದರೆ ಎರಡೂ ‘ಇಲ್ಲ’ಗಳಿಗೆ ಒಂದೊಂದು ಬಾಲವಿದೆ. ಮೈಸೂರಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುವವನು ನಾನು. ಈ ಭಾಗವನ್ನು ನಮ್ಮ ಹುಡುಗರು ಬಾಣದ ಗುರುತುಗಳ ಸಾಲಾಗಿ ಬಾಯಿಪಾಠ ಮಾಡಿ ಬರೆದು ಅಂಕ ಗಿಟ್ಟಿಸುತ್ತಾರೆ. ನಡುವೆ ತಡೆದು ‘ಯಾಕೆ’ ಎಂದು ಕೇಳಿದರೆ ಮುಖ ನೋಡುತ್ತಾರೆ. ನೀವು ಕೇಳಿದ್ದೀರಿ ಎಂಬ ಖುಷಿಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಲೆಕ್ಕ. ರಕ್ತದಲ್ಲಿ, ಕೋಶಗಳ ಸುತ್ತಲಿನ ದ್ರವದಲ್ಲಿ ಬಿಡಿ ಕ್ಯಾಲ್ಸಿಯಂ ಅಯಾನುಗಳ ಸಾರತೆ ಸುಮಾರು 1.2 ಮಿಲಿಮೋಲಾರ್. ಸುಮ್ಮನಿರುವ ಕೋಶದ ಒಳರಸದಲ್ಲಿ ಅದು ಸುಮಾರು 100 ನ್ಯಾನೋಮೋಲಾರ್ ಮಾತ್ರ. ಅಂದರೆ ಹೊರಗಿರುವುದು ಒಳಗಿನದರ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಈ ಅಂತರ ತಾನಾಗಿ ಉಳಿಯುವುದಿಲ್ಲ. ಕೋಶಪೊರೆಯಲ್ಲಿರುವ ಪಂಪ್‌ಗಳು ಎಟಿಪಿ ಎಂಬ ಶಕ್ತಿಯ ಅಣು ಖರ್ಚು ಮಾಡಿ ಕ್ಯಾಲ್ಸಿಯಂ ಅನ್ನು ಹೊರಗೆ ತಳ್ಳುತ್ತಲೇ ಇರುತ್ತವೆ. ಸರ್ಕಾ ಎಂಬ ಇನ್ನೊಂದು ಪಂಪ್ ಅದನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಚೀಲಕ್ಕೆ ತುಂಬುತ್ತದೆ. ಕೋಶ ಇಷ್ಟು ಕಷ್ಟಪಡಲು ಕಾರಣವಿದೆ. ಅದರ ವ್ಯವಹಾರವೆಲ್ಲ ಫಾಸ್ಫೇಟ್ ಮೇಲೆ ನಡೆಯುತ್ತದೆ, ಕ್ಯಾಲ್ಸಿಯಂ ಹೆಚ್ಚಾದರೆ ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ. ಮೂಳೆಗೆ ಅದು ಸರಿ, ಕೋಶದ ಒಳರಸಕ್ಕೆ ಮಾರಕ. ಹೀಗೆ ಸದಾ ದೂರವಿಟ್ಟದ್ದರಿಂದಲೇ ಅದು ಸಂಕೇತಕ್ಕೆ ಒದಗಿತು: ಒಳಗೆ ಇಷ್ಟು ಕಡಿಮೆ ಇರುವಾಗ ಚೂರು ಸೋರಿದರೂ ಮಟ್ಟ ಹತ್ತು ಪಟ್ಟು ಏರಿ ಎದ್ದು ಕಾಣುತ್ತದೆ.

ಈಗ ಗ್ರಾಹಕಕ್ಕೆ ಬರೋಣ. ಆಲೆಮನೆಯ ಬಿಸಿ ಬೆಲ್ಲದ ವಾಸನೆಗೆ ಬಾಯಲ್ಲಿ ನೀರೂರುವುದನ್ನು ಮಂಡ್ಯದವರಿಗೆ ವಿವರಿಸಬೇಕಿಲ್ಲ. ಆಗ ಜೊಲ್ಲುಗ್ರಂಥಿಗೆ ಬರುವ ನರದ ತುದಿ ಸಂದೇಶ ಒಯ್ಯುವ ಅಣುವಾದ ಅಸಿಟೈಲ್‌ಕೋಲಿನ್ ಸುರಿಸುತ್ತದೆ. ಅದು ಕೋಶದ ಹೊರಮೈಯ ಎಂ-3 ಗ್ರಾಹಕಕ್ಕೆ ಅಂಟುತ್ತದೆ. ಗ್ರಾಹಕದ ಆಕಾರ ಬದಲಾಗಿ, ಒಳಬದಿಯಲ್ಲಿರುವ ಜಿ-ಪ್ರೋಟೀನ್ ಎಂಬ ಮಧ್ಯವರ್ತಿ ಎಚ್ಚರಗೊಂಡು, ಫಾಸ್ಫೊಲೈಪೇಸ್-ಸಿ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವ ಪೊರೆಯಲ್ಲೇ ಇರುವ ಪಿಪ್-2 ಎಂಬ ಕೊಬ್ಬಿನ ಅಣುವನ್ನು ಎರಡಾಗಿ ಸೀಳುತ್ತದೆ. ಒಂದು ತುಂಡು ಪೊರೆಯಲ್ಲೇ ಉಳಿದು ಬೇರೆ ಕೆಲಸಕ್ಕೆ ಹೊರಡುತ್ತದೆ. ಐಪಿ-3 ಎಂಬ ಇನ್ನೊಂದು ತುಂಡು ನೀರಿನಲ್ಲಿ ಕರಗುವಂಥದ್ದು. ಅದು ಒಳಚೀಲದವರೆಗೆ ಸಾಗಿ ಅಲ್ಲಿನ ಬಾಗಿಲನ್ನು ತೆರೆಸುತ್ತದೆ, ಕೂಡಿಟ್ಟ ಕ್ಯಾಲ್ಸಿಯಂ ಕೋಶದ ಒಳರಸಕ್ಕೆ ನುಗ್ಗುತ್ತದೆ. ನಾಲೆಗೆ ನೀರು ಬಿಡಿಸುವ ಎಂಜಿನಿಯರ್ ಬಿಂದಿಗೆ ಹೊರುವುದಿಲ್ಲವಲ್ಲ, ಹೊರಮೈಯ ಗ್ರಾಹಕದ ಪಾತ್ರವೂ ಅಷ್ಟೇ. ಏರಿದ ಕ್ಯಾಲ್ಸಿಯಂನಿಂದ ಕ್ಲೋರೈಡ್ ಮಾರ್ಗಗಳು ತೆರೆಯುತ್ತವೆ. ಕ್ಲೋರೈಡ್ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಅದೇ ಜೊಲ್ಲು.

ಈ ಸಂಶೋಧನೆಯ ಬೇರು ಕೂಡ ಜೊಲ್ಲುಗ್ರಂಥಿಯಲ್ಲೇ ಇದೆ. ಮೈಕಲ್ ಬೆರಿಡ್ಜ್ ಕೇಂಬ್ರಿಜ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದು ನೊಣದ ಜೊಲ್ಲುಗ್ರಂಥಿಯ ಮೇಲೆ. ಐಪಿ-3 ಒಳಸಂಗ್ರಹದಿಂದ ಕ್ಯಾಲ್ಸಿಯಂ ಬಿಡಿಸುತ್ತದೆ ಎಂಬುದನ್ನು ಅವರೂ ಜರ್ಮನಿಯ ಸಹೋದ್ಯೋಗಿಗಳೂ ಸೇರಿ 1983ರಲ್ಲಿ ಮೇದೋಜೀರಕಾಂಗದ ಕೋಶಗಳಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಗೈತಿ ಹಸನ್ ಅವರ ತಂಡ ಹಣ್ಣುನೊಣದಲ್ಲಿ ಇದೇ ಐಪಿ-3 ಬಾಗಿಲಿನ ಜೀನ್ ಕೆಡಿಸಿ ನೋಡಿತು. ಅಂಥ ನೊಣಗಳು ಹಾರಲಾರದೆ ಹೋದವು.

ಇಲ್ಲಿಂದ ನನಗೆ ಅತ್ಯಂತ ಇಷ್ಟವಾದ ಭಾಗ. ಬೆಲ್ಲ ನಾಲಿಗೆಗೆ ತಾಕಿದಾಗ ಸಿಹಿಯ ಗ್ರಾಹಕವೂ ಇದೇ ದಾರಿ ಹಿಡಿಯುತ್ತದೆ: ಜಿ-ಪ್ರೋಟೀನ್, ಫಾಸ್ಫೊಲೈಪೇಸ್, ಐಪಿ-3, ಕ್ಯಾಲ್ಸಿಯಂ. ಬೇವು ತಾಕಿದಾಗ ಕಹಿಯ ಗ್ರಾಹಕ ಬೇರೆ, ಒಳಗಿನ ದಾರಿ ಮಾತ್ರ ಅದೇ. ಯುಗಾದಿಯ ಬೇವು–ಬೆಲ್ಲ ಎರಡೂ ರುಚಿಕೋಶದ ಒಳಗೆ ಕ್ಯಾಲ್ಸಿಯಂ ಏರಿಕೆಯೇ! ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಕೋಶಗಳು ಬೇರೆ, ಅವು ಮಿದುಳಿಗೆ ಕೊಡುವ ಸುದ್ದಿ ಬೇರೆ. ಇಲಿಗಳ ಸಿಹಿಕೋಶದಲ್ಲಿ ಕಹಿಯ ಗ್ರಾಹಕವೊಂದನ್ನು ಕೂರಿಸಿದ ಪ್ರಯೋಗ ನಡೆದಿದೆ. ಆ ಇಲಿಗಳು ಕಹಿ ವಸ್ತು ಬೆರೆಸಿದ ನೀರನ್ನು ಬಯಸಿ ಬಯಸಿ ಕುಡಿದವು. ಕ್ಯಾಲ್ಸಿಯಂ ಹೇಳುವುದು ‘ಈಗ’ ಎಂದಷ್ಟೇ. ಏನು ಮಾಡಬೇಕೆಂಬುದು ಆ ಕೋಶ ಮೊದಲೇ ಸಜ್ಜು ಮಾಡಿಟ್ಟುಕೊಂಡಿರುವ ಪ್ರೋಟೀನ್‌ಗಳಿಗೆ ಬಿಟ್ಟ ವಿಚಾರ.

ಇದನ್ನು ಮನದಟ್ಟು ಮಾಡಿಸುವ ಇನ್ನೊಂದು ಉದಾಹರಣೆ ಅಷ್ಟು ಸವಿಯಾದದ್ದಲ್ಲ. ಗದ್ದೆಗೆ ಆರ್ಗನೋಫಾಸ್ಫೇಟ್ ಕೀಟನಾಶಕ ಹೊಡೆಯುವಾಗ ಅದು ಮೈಸೇರಿದರೆ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ ಕಟ್ಟಿಹೋಗುತ್ತದೆ. ಒಡೆಯದ ಅಸಿಟೈಲ್‌ಕೋಲಿನ್ ಎಂ-3 ಗ್ರಾಹಕಗಳನ್ನು ಬಿಡದೆ ಪೀಡಿಸುತ್ತದೆ. ಗ್ರಾಹಕ ಒಂದೇ, ದಾರಿ ಒಂದೇ. ಆದರೆ ಗ್ರಂಥಿಯಲ್ಲಿ ಕ್ಯಾಲ್ಸಿಯಂ ಏರಿದರೆ ಜೊಲ್ಲು, ಶ್ವಾಸನಾಳದ ಸ್ನಾಯುವಿನಲ್ಲಿ ಏರಿದರೆ ನಾಳ ಬಿಗಿದು ಉಸಿರಾಟಕ್ಕೆ ಕಷ್ಟ, ಕಣ್ಣಿನ ವರ್ತುಲ ಸ್ನಾಯುವಿನಲ್ಲಿ ಏರಿದರೆ ಪಾಪೆ ಕಿರಿದು. ವೈದ್ಯರು ಕೊಡುವ ಅಟ್ರೋಪಿನ್ ಈ ಗ್ರಾಹಕದಲ್ಲಿ ತಾನು ಕೂತು ಅಸಿಟೈಲ್‌ಕೋಲಿನ್‌ಗೆ ಜಾಗ ಬಿಡುವುದಿಲ್ಲ. ಅದರಿಂದ ಜೊಲ್ಲು, ಕಫ, ಶ್ವಾಸನಾಳದ ಬಿಗಿತ ಇಳಿಯುತ್ತವೆ, ಆದರೆ ಕೈಕಾಲು ಮತ್ತು ಉಸಿರಾಟದ ವಪೆಯ ಸ್ನಾಯುಗಳ ಸೋಲು ಇಳಿಯುವುದಿಲ್ಲ. ಅಲ್ಲಿರುವುದು ನಿಕೋಟಿನಿಕ್ ಎಂಬ ಬೇರೆಯೇ ಗ್ರಾಹಕ. ಅದು ಯಾರಿಗೂ ಹೇಳಿಕಳಿಸುವುದಿಲ್ಲ, ತಾನೇ ಅಯಾನುಗಳ ಬಾಗಿಲು.

ನಿಮ್ಮ ಮೊದಲ ‘ಇಲ್ಲ’ದ ಬಾಲ ಇದೇ. ಕೆಲವು ಗ್ರಾಹಕಗಳು ನಿಜವಾಗಿಯೂ ಬಾಗಿಲುಗಳು, ಅವುಗಳಲ್ಲಿ ಕೆಲವು ಕ್ಯಾಲ್ಸಿಯಂ ಅನ್ನೇ ನೇರವಾಗಿ ಒಳಬಿಡುತ್ತವೆ. ಮಿದುಳಿನ ಎನ್‌ಎಂಡಿಎ ಗ್ರಾಹಕ ಅಂಥದ್ದು. ಗ್ಲುಟಮೇಟ್ ಎಂಬ ಸಂದೇಶದ ಅಣು ಅಂಟಿದರೆ ಮಾತ್ರ ಸಾಲದು, ಪೊರೆಯ ವಿದ್ಯುತ್ ಸ್ಥಿತಿಯೂ ಬದಲಾಗಿ, ಬಾಯಿಗೆ ಅಡ್ಡ ಕೂತ ಮೆಗ್ನೀಸಿಯಂ ಸರಿಯಬೇಕು.

ಪರೀಕ್ಷೆಯಲ್ಲಿ ಎಲ್ಲರೂ ಬಿಟ್ಟುಬಿಡುವುದು ಮುಂದಿನ ಹಂತವನ್ನು. ಒಳಚೀಲ ಚಿಕ್ಕದು, ಬೇಗ ಬರಿದಾಗುತ್ತದೆ. ಬರಿದಾದದ್ದನ್ನು ಸ್ಟಿಮ್-1 ಎಂಬ ಪ್ರೋಟೀನ್ ಗುರುತಿಸಿ, ಕೋಶಪೊರೆಯ ಹತ್ತಿರ ಸರಿದು, ಓರೈ-1 ಎಂಬ ಮಾರ್ಗವನ್ನು ತೆರೆಸುತ್ತದೆ. ಹೊರಗಿನ ಕ್ಯಾಲ್ಸಿಯಂ ಬರುವುದು ಆಗ. 2005–06ರವರೆಗೆ ಈ ಎರಡರ ಗುರುತು ಸಿಕ್ಕಿರಲಿಲ್ಲ. ಓರೈ-1 ಕೆಟ್ಟು ಹುಟ್ಟಿದ ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ತೀವ್ರವಾಗಿ ಕುಂದಿರುತ್ತದೆ. ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಕ್ಕೆ ಕ್ಷಣದ ಏರಿಕೆ ಸಾಲದು, ಗಂಟೆಗಟ್ಟಲೆ ನಿಲ್ಲುವ ಕ್ಯಾಲ್ಸಿಯಂ ಬೇಕು. ಹಾಗೆ ನಿಂತಾಗ ಚುರುಕಾಗುವ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುವುದೇ ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ದೇಹ ಅದನ್ನು ತಿರಸ್ಕರಿಸದಿರಲಿ ಎಂದು ನುಂಗುವ ಟ್ಯಾಕ್ರೊಲಿಮಸ್‌ನ ಕೆಲಸ.

ಆರಿಸುವುದೂ ಹೊತ್ತಿಸುವಷ್ಟೇ ಮುಖ್ಯ. ಐಪಿ-3 ಬೇಗ ಒಡೆದುಹೋಗುತ್ತದೆ, ಪಂಪ್‌ಗಳು ಕ್ಯಾಲ್ಸಿಯಂ ಅನ್ನು ಗುಡಿಸಿ ಹಾಕುತ್ತವೆ, ಕ್ಯಾಲ್ಸಿಯಂ ತೀರಾ ಹೆಚ್ಚಾದರೆ ಒಳಚೀಲದ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಅನೇಕ ಕೋಶಗಳಲ್ಲಿ ಮಟ್ಟ ಏರಿ ಇಳಿದು ಮತ್ತೆ ಏರುತ್ತದೆ. ಹಾರ್ಮೋನ್ ಹೆಚ್ಚಿದಾಗ ಎಷ್ಟೋ ಕೋಶಗಳಲ್ಲಿ ಅಲೆಯ ಎತ್ತರ ಬದಲಾಗುವುದಿಲ್ಲ, ಅಲೆಗಳು ಪದೇ ಪದೇ ಏಳುತ್ತವೆ.

ಇನ್ನು ಅಮ್ಮನ ಮಾತ್ರೆ. ರಕ್ತದ ಕ್ಯಾಲ್ಸಿಯಂ ಅನ್ನು ದೇಹ ಬಿಗಿಯಾದ ಮಿತಿಯಲ್ಲಿಡುತ್ತದೆ, ಕೋಶದ ಒಳಮಟ್ಟವನ್ನು ಕೋಶವೇ ಕಾಯುತ್ತದೆ. ಆದ್ದರಿಂದ ಮಾತ್ರೆಯಿಂದ ಈ ಸಂಕೇತಗಳೆಲ್ಲ ಜೋರಾಗುವುದಿಲ್ಲ. ಬಾಲ ಏನೆಂದರೆ, ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ಕೋಶಗಳಿಗೆ ಕ್ಯಾಲ್ಸಿಯಂ ಅನ್ನೇ ಹಿಡಿಯುವ ಗ್ರಾಹಕವಿದೆ, ಅದರ ಜೀನ್ 1993ರಲ್ಲಿ ಸಿಕ್ಕಿತು. ರಕ್ತದಲ್ಲಿ ಕ್ಯಾಲ್ಸಿಯಂ ತುಸು ಏರಿದರೂ ಅದು ಎಚ್ಚರಗೊಂಡು ಐಪಿ-3 ದಾರಿಯಲ್ಲೇ ಒಳಗಿನ ಕ್ಯಾಲ್ಸಿಯಂ ಏರಿಸುತ್ತದೆ. ಬೇರೆ ಗ್ರಂಥಿಕೋಶಗಳಲ್ಲಿ ಇದರಿಂದ ಸ್ರಾವ ಹೆಚ್ಚುವುದು ವಾಡಿಕೆ, ಇಲ್ಲಿ ತದ್ವಿರುದ್ಧ: ಈ ಗ್ರಂಥಿಯ ಹಾರ್ಮೋನ್ ಸ್ರಾವ ಕಡಿಮೆಯಾಗುತ್ತದೆ, ಆ ಹಾರ್ಮೋನ್ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುವುದೂ ತಗ್ಗುತ್ತದೆ. ಮಾತ್ರೆ ಎಷ್ಟು, ಎಷ್ಟು ದಿನ ಎಂಬುದನ್ನು ಅವರ ವೈದ್ಯರೇ ಹೇಳಲಿ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದ ಇತಿಹಾಸವಿದ್ದರೆ ಅದನ್ನು ಅವರಿಗೆ ತಪ್ಪದೆ ತಿಳಿಸಿ.