ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಕೇ?

ನಿಲ್ಲಿಸಬಾರದು. ರಕ್ತ ಬರುವ ಜಾಗವನ್ನೇ ಇನ್ನಷ್ಟು ಜೋಪಾನವಾಗಿ, ಮೃದುವಾಗಿ ಉಜ್ಜಬೇಕು.

ನೀವು ಬರೆದಿರುವುದು ಇಷ್ಟು: ಕೆಲವು ವಾರಗಳಿಂದ ಉಗುಳು ಕೆಂಪಾಗಿ ಕಾಣುತ್ತಿದೆ, ಹೆದರಿ ಬ್ರಷ್ ಬಿಟ್ಟು ಬೆರಳಿನಿಂದ ಉಪ್ಪು, ಇದ್ದಿಲು ತಿಕ್ಕುತ್ತಿದ್ದೀರಿ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಅತ್ತೆಯವರು ತಡೆಯುತ್ತಿದ್ದಾರೆ. ನಾನು ಕೊಡಗಿನ ಗೋಣಿಕೊಪ್ಪದ ಒಂದು ದಂತ ಚಿಕಿತ್ಸಾಲಯದಲ್ಲಿ ಆ ಕ್ಲೀನಿಂಗ್ ಮಾಡುವವಳೇ. ಈ ಮೂರೂ ಮಾತುಗಳು ನನಗೆ ಹೊಸತಲ್ಲ.

ವಸಡು ಹಲ್ಲಿಗೆ ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ಮೆತ್ತನೆಯ ಪದರವೊಂದು ದಿನವೂ ಕಟ್ಟಿಕೊಳ್ಳುತ್ತದೆ. ಅದೇ ಪಾಚಿ. ಅದನ್ನು ತೆಗೆಯದಿದ್ದರೆ ವಸಡು ಕೆಂಪೇರಿ ಊದಿಕೊಳ್ಳುತ್ತದೆ, ಸ್ವಲ್ಪ ತಾಗಿದರೂ ರಕ್ತ ಜಿನುಗುತ್ತದೆ. ಬ್ರಷ್ ಬಿಟ್ಟರೆ ಪಾಚಿ ಹೆಚ್ಚುತ್ತದೆ, ರಕ್ತವೂ ಹೆಚ್ಚುತ್ತದೆ. ಸರಿಯಾಗಿ ಉಜ್ಜಲು ಶುರುಮಾಡಿದ ಮೊದಲ ಕೆಲವು ದಿನ ರಕ್ತ ಬಂದೇ ಬರುತ್ತದೆ. ಬರೀ ವಸಡಿನ ಉರಿಯೂತವಾದರೆ ಒಂದೆರಡು ವಾರದಲ್ಲಿ ತಗ್ಗುತ್ತದೆ. ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳಲ್ಲಿ ಮದ್ದು ಸೊಪ್ಪಿನ ಪಾಯಸ ತಿಂದು ಮರುದಿನ ಮೂತ್ರ ಕೆಂಪಾದರೆ ಸೊಪ್ಪಿನ ಬಣ್ಣವೆಂದು ನಗುತ್ತೇವೆ, ಉಗುಳು ಕೆಂಪಾದಾಗಲೂ ಹಾಗೆಯೇ ನಕ್ಕು ಸುಮ್ಮನಾಗುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಇನ್ನು ಬೀಡಿ, ಸಿಗರೇಟು ಸೇದುವವರು ತಮಗೆ ರಕ್ತವೇ ಬರುವುದಿಲ್ಲ ಎಂದು ಹಿಗ್ಗಬೇಕಾಗಿಲ್ಲ. ಹೊಗೆ ವಸಡಿನ ರಕ್ತನಾಳಗಳನ್ನು ಕುಗ್ಗಿಸಿ ರೋಗವನ್ನು ಮರೆಮಾಚುತ್ತದೆ, ಅಷ್ಟೇ.

ಬ್ರಷ್ 'ಸಾಫ್ಟ್' ಎಂದಿರಲಿ. ಎಳೆಗಳು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ತಾಗಬೇಕು. ಒಂದು ಸಲಕ್ಕೆ ಎರಡು ಮೂರು ಹಲ್ಲುಗಳ ಮೇಲೆ ನಿಂತಲ್ಲೇ ಸಣ್ಣಗೆ ಅಲುಗಾಡಿಸಿ ಮುಂದೆ ಹೋಗಬೇಕು. ಗರಗಸ ಎಳೆದಂತೆ ಉಜ್ಜಿದರೆ ವಸಡು ಸವೆದು ಬೇರು ಹೊರಗೆ ಕಾಣುತ್ತದೆ. ಎಲ್ಲರೂ ಮರೆಯುವ ಜಾಗವೆಂದರೆ ಕೆಳಗಿನ ಮುಂಹಲ್ಲುಗಳ ಒಳಬದಿ. ಜೊಲ್ಲುಗ್ರಂಥಿಗಳ ನಾಳ ಅಲ್ಲೇ ಹತ್ತಿರ ತೆರೆದುಕೊಳ್ಳುವುದರಿಂದ, ಜೊಲ್ಲಿನ ಖನಿಜಾಂಶ ಸೇರಿ ಪಾಚಿ ಗಟ್ಟಿಯಾಗಿ ಟಾರ್ಟರ್ ಆಗುವುದು ಅಲ್ಲೇ ಹೆಚ್ಚು. ಎರಡು ನಿಮಿಷ, ದಿನಕ್ಕೆರಡು ಸಲ. ಎರಡರಲ್ಲಿ ಒಂದನ್ನು ಬಿಡಲೇಬೇಕಾದ ದಿನ ಬೆಳಗಿನದನ್ನು ಬಿಡಿ, ರಾತ್ರಿಯದನ್ನಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲಿಗೆ ಕಾವಲೂ ಕಡಿಮೆ.

ಪೇಸ್ಟಿನ ಬೆಲೆ ನೋಡಬೇಡಿ, ಡಬ್ಬಿಯ ಮೇಲೆ ಫ್ಲೋರೈಡ್ ಎಂದಿದೆಯೇ ನೋಡಿ. ದೊಡ್ಡವರಿಗೆ 1,000ದಿಂದ 1,500 ಪಿಪಿಎಂ (ಪೇಸ್ಟಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬ ಅಳತೆ) ಇರುವುದು ಸಾಕು. ಉಜ್ಜಿದ ಮೇಲೆ ಉಗುಳಿ, ನೀರು ಹಾಕಿ ಮುಕ್ಕಳಿಸಿ ಎಲ್ಲವನ್ನೂ ತೊಳೆದುಬಿಡಬೇಡಿ. ಇದ್ದಿಲಿನಲ್ಲಿ ಫ್ಲೋರೈಡ್ ಇಲ್ಲ, ಅದರ ಕಣಗಳು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಸವೆಸುತ್ತವೆ. ಉಗುರುಬೆಚ್ಚಗಿನ ಉಪ್ಪುನೀರು ಬಾಯಿ ಮುಕ್ಕಳಿಸಲು ಒಳ್ಳೆಯದೇ, ಕಲ್ಲುಪ್ಪು ತಿಕ್ಕುವುದು ಬೇಡ.

ಹಲ್ಲುಸಂದಿಗೆ ಬ್ರಷ್ ಹೋಗುವುದಿಲ್ಲ. ಮದುವೆಯೂಟದ ಪಂದಿಕರಿಯ (ಹಂದಿಮಾಂಸದ) ನಾರು ಸಿಕ್ಕಿಕೊಂಡರೆ ನಮ್ಮವರ ಕೈ ಹೋಗುವುದು ಸೇಫ್ಟಿ ಪಿನ್ನಿಗೆ, ಬೆಂಕಿಕಡ್ಡಿಗೆ. ಚುಚ್ಚಿಕೊಂಡು ವಸಡು ಬಾತು ಬರುವವರು ಕಡಿಮೆಯಿಲ್ಲ. ಸಂದಿ ಅಗಲವಿದ್ದರೆ ಸಂದಿಬ್ರಷ್, ಇಕ್ಕಟ್ಟಾಗಿದ್ದರೆ ಫ್ಲಾಸ್ ದಾರ, ರಾತ್ರಿ ಒಂದು ಸಲ. ಕಾಚಂಪುಳಿ (ನಮ್ಮ ಕಡೆಯ ಹಣ್ಣಿನ ಹುಳಿರಸ) ಹಾಕಿದ ಅಡುಗೆ ಅಥವಾ ಕಿತ್ತಳೆ ತಿಂದ ಕೂಡಲೇ ಮಾತ್ರ ಬ್ರಷ್ ಹಿಡಿಯಬೇಡಿ. ಹುಳಿಗೆ ಎನಾಮಲ್ ಮೆತ್ತಗಾಗಿರುತ್ತದೆ, ಅರ್ಧ ಗಂಟೆ ಬಿಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮಳೆಗಾಲದ ಬೆಲ್ಲದ ಕಾಫಿ. ಬೆಲ್ಲವೆಂದರೆ ಹಲ್ಲಿಗೆ ಸಕ್ಕರೆಯೇ. ಪ್ರತಿ ಸಲ ಸಿಹಿ ಬಾಯಿಗೆ ಹೋದಾಗಲೂ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತದೆ, ಜೊಲ್ಲು ಅದನ್ನು ತಿಳಿಗೊಳಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಒಂದು ಲೋಟ ಕುಡಿದು ಮುಗಿಸಿದರೆ ಅಷ್ಟೇನೂ ಕೇಡಿಲ್ಲ. ಒಲೆಯ ಪಕ್ಕ ಪಾತ್ರೆಯಿಟ್ಟುಕೊಂಡು ದಿನವಿಡೀ ಗುಟುಕರಿಸಿದರೆ ಹಲ್ಲಿಗೆ ಬಿಡುವೇ ಸಿಗುವುದಿಲ್ಲ.

ಈಗ ಅತ್ತೆಯವರ ಮಾತು. ಅವರು ಕಂಡಿದ್ದು ಸುಳ್ಳಲ್ಲ, ಕಾರಣ ಬೇರೆ. ಟಾರ್ಟರ್ ವರ್ಷಗಟ್ಟಲೆ ಕುಳಿತಲ್ಲಿ ಹಲ್ಲನ್ನು ಹಿಡಿದ ಮೂಳೆ ಕರಗಿರುತ್ತದೆ. ಬುಡದ ಮಣ್ಣು ಕೊಚ್ಚಿಹೋದ ಕಾಫಿ ತೋಟದ ಸಿಲ್ವರ್ ಓಕ್ ಮರ ಸುತ್ತ ಒಟ್ಟಿದ ಕಲ್ಲಿನ ಆಸರೆಯಲ್ಲಿ ನಿಂತ ಹಾಗೆ, ಆ ಹಲ್ಲು ಟಾರ್ಟರಿನ ಆಸರೆಯಲ್ಲಿ ನಿಂತಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಅಲುಗಾಟ ತಿಳಿಯುತ್ತದೆ. ತೆಗೆಯದಿದ್ದರೆ ಮೂಳೆ ಇನ್ನೂ ಕರಗುತ್ತದೆ, ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ. ಕ್ಲೀನಿಂಗ್ ಆದ ಕೆಲವು ದಿನ ತಣ್ಣೀರು ಜುಮ್ಮೆನ್ನಿಸುವುದು ಸಹಜ. ಮನೆಯಲ್ಲಿ ಯಾರಾದರೂ ಎಲೆಯಡಿಕೆ, ಹೊಗೆಸೊಪ್ಪು ಹಾಕುತ್ತಿದ್ದರೆ ಅವರ ಬಾಯಿಯನ್ನೂ ತೋರಿಸಿ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಭಯವಿದೆ.

ಎರಡು ವಾರ ಹೀಗೆ ಉಜ್ಜಿಯೂ ರಕ್ತ ನಿಲ್ಲದಿದ್ದರೆ ಹೋಗಿ ತೋರಿಸಿ. ಕೀವು ಕಂಡರೆ, ಹಲ್ಲು ಅಲ್ಲಾಡಿದರೆ ಎರಡು ವಾರವೂ ಕಾಯಬೇಡಿ. ಕಾಫಿ ಕೊಯ್ಲು ಮುಗಿಯಲಿ ಎಂದು ಮುಂದೂಡಲೂ ಬೇಡಿ. ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿನಲ್ಲಿ ವಸಡಿನ ವಿಭಾಗವೇ ಇದೆ, ವಿದ್ಯಾರ್ಥಿಗಳು ಮಾಡುವುದರಿಂದ ಸ್ವಲ್ಪ ಹೊತ್ತು ಹಿಡಿಯಬಹುದು, ಬೆಳಿಗ್ಗೆಯೇ ಹೊರಡಿ. ಸಕ್ಕರೆ ಕಾಯಿಲೆ ಇದ್ದರೆ, ಗರ್ಭಿಣಿಯಾಗಿದ್ದರೆ, ರಕ್ತ ತೆಳುವಾಗಿಸುವ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಮಾತ್ರೆಗಳ ಚೀಟಿ ಜೊತೆಗಿರಲಿ.