ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಹಕ್ಕಿ ನಿಮ್ಮ ಕಡೆಗೇ ಹಾರುತ್ತದೆ

ಓದುಗರ ಪ್ರಶ್ನೆ: ಹಕ್ಕಿ ಮತ್ತು ಕ್ಯಾಮೆರಾ

ಮಳೆ ಮುಗಿದು ಹಿನ್ನೀರು ಇಳಿಯಲು ಶುರುವಾಯಿತು ಅಂದರೆ ನೀರುಹಕ್ಕಿಗಳ ಪ್ರಶ್ನೆಗಳೂ ಬರಲು ಶುರು. ಈ ಸಲ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಕಡೆಯವು. ಹಾರುವ ಹಕ್ಕಿಯ ಬಗ್ಗೆ ಕೇಳಿದವನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಗೊರೂರು ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿಯ ಹಳೇ ಚರ್ಚ್ ಹತ್ತಿರ ಮೆಟ್ಟುಗಾಲು ಹಕ್ಕಿಗಳ (ಉದ್ದ ಗುಲಾಬಿ ಕಾಲಿನ ನೀರುಹಕ್ಕಿ) ಗುಂಪು ಇದೆ. ಮೂರು ಭಾನುವಾರ ಸಂಜೆ ಹೋಗಿದ್ದೆ. 150-600 ಎಂಎಂ ಜೂಮ್ ಲೆನ್ಸ್ ಇದೆ. ಆದರೂ ಎಲ್ಲದರಲ್ಲೂ ಹಕ್ಕಿಯ ಬೆನ್ನು, ಇಲ್ಲಾಂದ್ರೆ ಮಸುಕು. ಲೆನ್ಸ್ ಬದಲಿಸಬೇಕಾ? (ಹಾಸನದ ಓದುಗರು)

ಉತ್ತರ: ಬೇಡ. ಲೆನ್ಸ್ ಸಾಕು. ನೀವು ಹೋದ ಹೊತ್ತು ತಪ್ಪು.

ನಮ್ಮ ಕಡೆ ಕಣದಲ್ಲಿ ರಾಗಿ ತೂರುವವರು ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡದೆ ಮೊರ ಎತ್ತುವುದಿಲ್ಲ ಅಲ್ವಾ? ಹಕ್ಕಿಯೂ ಹಾಗೆಯೇ. ಗಾಳಿಗೆ ಎದುರಾಗಿ ಹಾರಿದರೆ ರೆಕ್ಕೆಗೆ ಬೇಗ ಎತ್ತುವ ಬಲ ಸಿಗುತ್ತದೆ, ಹಾಗಾಗಿ ನೀರುಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿಯೇ ಏಳುತ್ತವೆ, ಇಳಿಯುವಾಗಲೂ ಗಾಳಿಗೆ ಮುಖ ಮಾಡಿಯೇ ಇಳಿಯುತ್ತವೆ. ಚಳಿಗಾಲದಲ್ಲಿ ನಮ್ಮಲ್ಲಿ ಹೆಚ್ಚಾಗಿ ಮೂಡಣ ಗಾಳಿ. ಸಂಜೆ ನೀವು ಸೂರ್ಯನಿಗೆ ಬೆನ್ನು ಕೊಟ್ಟು ಪಡುವಣ ದಡದಲ್ಲಿ ನಿಂತಿರುತ್ತೀರಿ. ಹಕ್ಕಿ ಮೂಡಣಕ್ಕೆ ಮುಖ ಮಾಡಿ ಏಳುತ್ತದೆ. ನಿಮಗೆ ಬೆನ್ನಲ್ಲದೆ ಇನ್ನೇನು ಸಿಗಬೇಕು?

ಅದೇ ಜಾಗಕ್ಕೆ ಬೆಳಿಗ್ಗೆ ಹೋಗಿ. ಮೂಡಣ ದಡದಲ್ಲಿ ಕೂತರೆ ಸೂರ್ಯನೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ, ಹಕ್ಕಿ ಎದ್ದರೆ ನಿಮ್ಮ ಕಡೆಗೇ, ಅದೂ ಮುಖದ ಮೇಲೆ ಬಿಸಿಲು ಹೊತ್ತುಕೊಂಡು. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಈ ಲೆಕ್ಕ ತಲೆಕೆಳಗು, ಆಗ ಸಂಜೆಯೇ ಒಳ್ಳೆಯದು. ಹೋದ ಕೂಡಲೇ ಒಂದು ಚಿಟಿಕೆ ಮಣ್ಣು ಎತ್ತಿ ಬಿಟ್ಟು ನೋಡಿ. ಅಷ್ಟು ಸಾಕು.

ಇನ್ನು ಮಸುಕಿನ ಮಾತು. ಮೆಟ್ಟುಗಾಲು ಹಕ್ಕಿ, ಗೊರವ (ಸ್ಯಾಂಡ್‌ಪೈಪರ್) ಇಂಥವು ರೆಕ್ಕೆ ಜೋರಾಗಿ ಬಡಿಯುತ್ತವೆ. ಶಟರ್ ವೇಗ 1/2500 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಬಣ್ಣದ ಕೊಕ್ಕರೆಯಂಥ ದೊಡ್ಡ ಹಕ್ಕಿಗೆ 1/1600 ಸಾಲುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಆದರೂ ಹೆದರಬೇಡಿ, ಕಾಳುಕಾಳಾದ ಫೋಟೋವನ್ನು ಆಮೇಲೆ ಸರಿ ಮಾಡಬಹುದು, ಅಲುಗಿದ ಫೋಟೋವನ್ನು ಆಗುವುದಿಲ್ಲ. ಫೋಕಸ್ ಎಎಫ್-ಸಿ ಅಥವಾ ಎಐ ಸರ್ವೊದಲ್ಲಿ ಇರಲಿ, ಆಗ ಅದು ಹಾರುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುತ್ತದೆ. ಲೆನ್ಸಿನ ಪಕ್ಕದಲ್ಲಿ ಫೋಕಸ್ ಲಿಮಿಟರ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ದೂರಕ್ಕೆ ಹಾಕಿಡಿ. ಇಲ್ಲದಿದ್ದರೆ ಹಕ್ಕಿ ಎದ್ದ ಹೊತ್ತಿನಲ್ಲೇ ಲೆನ್ಸ್ ಹತ್ತಿರದಿಂದ ದೂರದವರೆಗೆ ಹುಡುಕಾಡುತ್ತಾ ಇರುತ್ತದೆ.

ಹಕ್ಕಿ ಏಳುವ ಮೊದಲೇ ಹೇಳುತ್ತದೆ, ನಾವು ಕೇಳಿಸಿಕೊಳ್ಳಬೇಕು ಅಷ್ಟೇ. ಹೋದ ಜನವರಿಯಲ್ಲಿ ನಾನು ಅದೇ ಹಿನ್ನೀರಿನ ಕೆಸರಂಚಿನಲ್ಲಿ ಮೊಣಕಾಲೂರಿ ಕೂತಿದ್ದೆ. ಇಬ್ಬನಿ ಇನ್ನೂ ಪೂರ್ತಿ ಹರಿದಿರಲಿಲ್ಲ. ಹದಿನೈದು ಹೆಜ್ಜೆ ದೂರದಲ್ಲಿ ಒಂದು ಮೆಟ್ಟುಗಾಲು ಹಕ್ಕಿ, ಸೂಜಿಯಂಥ ಕಪ್ಪು ಕೊಕ್ಕಿನಿಂದ ನೀರಿನ ಮೇಲಿದ್ದ ಹುಳು ಹೆಕ್ಕುತ್ತಿತ್ತು. ಇದ್ದಕ್ಕಿದ್ದಂತೆ ಹೆಕ್ಕುವುದು ನಿಂತಿತು. ಕತ್ತು ನೆಟ್ಟಗಾಯಿತು. ತಲೆ ಎರಡು ಸಲ ಮೇಲೆ ಕೆಳಗೆ ಆಡಿತು, ಕಿಪ್ ಕಿಪ್ ಅಂತ ಕೂಗಿತು, ಗಾಳಿಯ ಕಡೆಗೆ ತಿರುಗಿತು. ಅಲ್ಲಿಗೆ ನನ್ನ ಬೆರಳು ಫೋಕಸ್ ಬಟನ್ ಮೇಲಿತ್ತು. ಎದ್ದಾಗ ಆ ಗುಲಾಬಿ ಕಾಲುಗಳಿಂದ ನೀರು ತೊಟ್ಟಿಕ್ಕುತ್ತಾ ಒಂದು ಗೆರೆ ಎಳೆದ ಹಾಗೆ ಬಿತ್ತು. ಆ ಫೋಟೋ ಈಗಲೂ ನನ್ನ ಮೇಜಿನ ಮೇಲಿದೆ. ಒಂದು ಮಾತು, ಈ ಹಕ್ಕಿಯ ಕಾಲು ಹಾರುವಾಗ ಬಾಲ ದಾಟಿ ಬಹಳ ಹಿಂದಕ್ಕೆ ಚಾಚಿಕೊಳ್ಳುತ್ತವೆ. 600ಕ್ಕೆ ಪೂರ್ತಿ ಎಳೆಯದೆ 400ರ ಹತ್ತಿರ ಇಟ್ಟುಕೊಳ್ಳಿ, ಇಲ್ಲವಾದರೆ ಕಾಲು ಕತ್ತರಿಸಿ ಹೋಗುತ್ತವೆ.

ಪ್ರಶ್ನೆ: ಅಯ್ಯನಕೆರೆಯಲ್ಲಿ ಬೆಳ್ಳಕ್ಕಿ ತೆಗೆದೆ. ಬೆಟ್ಟದ ಮುಂದೆ ಹಾರುವಾಗ ಬಿಳಿ ಸುಣ್ಣ ಬಳಿದ ಹಾಗೆ, ಗರಿಯೇ ಕಾಣಲ್ಲ. ಆಕಾಶಕ್ಕೆ ಹೋದರೆ ಅದೇ ಹಕ್ಕಿ ಬೂದಿ ಬಣ್ಣ. ಯಾಕೆ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಕ್ಯಾಮೆರಾ ಹಕ್ಕಿಯನ್ನು ನೋಡುತ್ತಿಲ್ಲ, ಹಿಂದಿನದನ್ನು ನೋಡುತ್ತಿದೆ. ಹಿಂದೆ ಶಕುನಗಿರಿ ಬೆಟ್ಟದ ಕಪ್ಪು ಇಳಿಜಾರು ಇದ್ದರೆ ಬೆಳಕು ಸಾಲದು ಅಂದುಕೊಂಡು ಜಾಸ್ತಿ ಬೆಳಕು ಒಳಗೆ ಬಿಡುತ್ತದೆ, ಬಿಳಿ ಗರಿ ಸುಟ್ಟುಹೋಗುತ್ತದೆ. ಹಿಂದೆ ಆಕಾಶ ಇದ್ದರೆ ಬೆಳಕು ಜಾಸ್ತಿಯಾಯಿತು ಅಂತ ಕಡಿಮೆ ಮಾಡುತ್ತದೆ. ಹಕ್ಕಿಯ ಮೇಲೆ ಬಿದ್ದ ಬಿಸಿಲು ಮಾತ್ರ ಎರಡೂ ಕಡೆ ಒಂದೇ.

ಹಾಗಾಗಿ ಬೆಳಕಿನ ಲೆಕ್ಕ ನೀವೇ ಇಡುವ ಮ್ಯಾನುಯಲ್ ಮೋಡಿಗೆ ಹೋಗಿ, ಆಟೋ ಐಎಸ್‌ಒ ಕೂಡ ಆಫ್ ಮಾಡಿ. ಬೆಳಿಗ್ಗೆ ಎಂಟರ ಹೊತ್ತಿನ ಒಳ್ಳೆ ಬಿಸಿಲಿಗೆ ಶಟರ್ 1/2500, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) 6.3, ಐಎಸ್‌ಒ 400 ಇಟ್ಟು ಶುರು ಮಾಡಿ. ಅದೇ ಬಿಸಿಲಿನಲ್ಲಿ ಕೂತಿರುವ ಒಂದು ಬೆಳ್ಳಕ್ಕಿ ತೆಗೆದು ಪರದೆಯಲ್ಲಿ ನೋಡಿ. ಕ್ಯಾಮೆರಾದಲ್ಲಿ ಸುಟ್ಟುಹೋದ ಬಿಳಿಯನ್ನು ಮಿನುಗಿಸಿ ತೋರಿಸುವ ಎಚ್ಚರಿಕೆ ಇದ್ದರೆ ಆನ್ ಮಾಡಿ, ಮಿನುಗಿದರೆ ಅದು ನಿಲ್ಲುವವರೆಗೆ ಐಎಸ್‌ಒ ಇಳಿಸಿ. ಮೋಡ ಬಂದರೆ ಮತ್ತೆ ನೋಡಿಕೊಳ್ಳಬೇಕು.

ಪ್ರಶ್ನೆ: ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ತಗೊಂಡೆ. ಸದ್ದಿಲ್ಲದ ಶಟರ್ ಹಾಕಿದರೆ ರೆಕ್ಕೆ ವಕ್ರವಾಗಿ ಬಾಗಿದ ಹಾಗೆ ಬರುತ್ತೆ. (ಅರಸೀಕೆರೆಯ ಓದುಗರು)

ಉತ್ತರ: ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಅಷ್ಟರಲ್ಲಿ ರೆಕ್ಕೆ ಜಾಗ ಬದಲಿಸಿರುತ್ತದೆ. ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಶಟರ್ ಹಾಕಿ.

ಪ್ರಶ್ನೆ: ನಮ್ಮ ಜೊತೆ ಬರುವ ಕೆಲವರು ಹಕ್ಕಿ ಹಾರಲಿ ಅಂತ ಕಲ್ಲು ಎಸೆಯುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಒಂದು ಸಲಕ್ಕೆ ಏನಾಗುತ್ತೆ ಅಂತಾರೆ. ಏನು ಹೇಳಲಿ? (ಬೇಲೂರಿನ ಓದುಗರು)

ಉತ್ತರ: ಬೇಡ ಅಂತ ನೇರವಾಗಿ ಹೇಳಿ. ಕೇಳದಿದ್ದರೆ ಅವರ ಜೊತೆ ಹೋಗಬೇಡಿ.

ಒಂದು ಸಲ ಅಲ್ಲ. ಬೆಳಿಗ್ಗೆಯಿಂದ ಹತ್ತು ಜನ ಬಂದರೆ ಹಕ್ಕಿಗೆ ಹತ್ತು ಸಲ. ಗೊರವಗಳಲ್ಲಿ ಎಷ್ಟೋ ಜಾತಿಗಳು ಹಿಮಾಲಯದ ಆಚೆಯಿಂದ, ಸೈಬೀರಿಯಾ ಕಡೆಯಿಂದ ಬಂದು ಇಲ್ಲಿ ಚಳಿಗಾಲ ಕಳೆಯುತ್ತವೆ. ವಾಪಸ್ ಹೋಗುವ ಮೊದಲು ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು, ದಾರಿಗೆ ಅದೇ ಬುತ್ತಿ. ನಾವು ಎಬ್ಬಿಸಿದಷ್ಟೂ ಆ ಬುತ್ತಿ ಕರಗುತ್ತದೆ.

ಬೇಸಿಗೆಯಲ್ಲಿ ಇನ್ನೂ ಕಷ್ಟ. ಟಿಟ್ಟಿಭ, ಮೆಟ್ಟುಗಾಲು ಹಕ್ಕಿ ಎರಡೂ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಟಿಟ್ಟಿಭದ ಮೊಟ್ಟೆ ನಾನು ಹತ್ತಿರದಿಂದ ನೋಡಿದ್ದೇನೆ. ಯಗಚಿ ಹಿನ್ನೀರಿನ ಬದಿಯಲ್ಲಿ, ಬೆಣಚುಕಲ್ಲಿನ ನಡುವೆ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿದ ಹಾಗೆ ಇದ್ದವು, ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆ. ನನ್ನ ಕಾಲಿಗೆ ಒಂದು ಗೇಣು ದೂರ. ಹಕ್ಕಿ ತಲೆ ಮೇಲೆ ಕಿರುಚಿಕೊಂಡು ಸುತ್ತುತ್ತಿದ್ದುದಕ್ಕೆ ನಿಂತೆ, ಇಲ್ಲವಾದರೆ ತುಳಿದುಬಿಡುತ್ತಿದ್ದೆ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದೆ. ಎಬ್ಬಿಸಿದ ಹಕ್ಕಿ ವಾಪಸ್ ಬರುವಷ್ಟರಲ್ಲಿ ಬಿಸಿಲಿಗೆ ಮೊಟ್ಟೆ ಬೆಂದುಹೋಗಬಹುದು, ಕಾಗೆ ಬರಬಹುದು. ಟಿಟ್ಟಿಭ ನಿಮ್ಮ ತಲೆ ಮೇಲೆ ಸುತ್ತುತ್ತಿದ್ದರೆ ಅದು ಫೋಟೋಗೆ ಒಳ್ಳೆ ಅವಕಾಶ ಅಲ್ಲ, ಹೋಗು ಅಂತ ಹೇಳುತ್ತಿದೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ರೀವಗಳು (ನದಿಯ ಟರ್ನ್ ಹಕ್ಕಿಗಳು) ಮರಿ ಮಾಡುವ ನಡುಗಡ್ಡೆಗಳಿಗೂ ಇದೇ ಮಾತು, ಬೋಟಿನವರಿಗೆ ಇನ್ನೂ ಹತ್ತಿರ ಹೋಗಿ ಅಂತ ಒತ್ತಾಯ ಮಾಡಬೇಡಿ.

ಸುಮ್ನೆ ಕೂತರೆ ಹಕ್ಕಿ ತಾನಾಗಿ ಹಾರುತ್ತದೆ. ಗಿಡುಗ ಬರುತ್ತದೆ, ಎಮ್ಮೆ ನೀರಿಗಿಳಿಯುತ್ತದೆ, ಏನಾದರೂ ಒಂದು ಆಗಿಯೇ ಆಗುತ್ತದೆ.

ಪ್ರಶ್ನೆ: ನನ್ನ ಹತ್ತಿರ 70-300 ಲೆನ್ಸ್ ಮಾತ್ರ ಇದೆ. ಕೆರೆಗೆ ಹೋದರೆ ಹಕ್ಕಿ ಚುಕ್ಕಿಯಷ್ಟು. ಅಭ್ಯಾಸ ಹೇಗೆ? (ಕಡೂರಿನ ಓದುಗರು)

ಉತ್ತರ: ಕೆರೆ ಬಿಡಿ, ಕೆರೆ ಕೆಳಗಿನ ಗದ್ದೆಗೆ ಹೋಗಿ. ನಾಟಿಗೆ ಮೊದಲು ಟ್ರ್ಯಾಕ್ಟರ್ ಕೆಸರು ಹೊಡೆಯುವಾಗ ಹಿಂದೆಯೇ ಬೆಳ್ಳಕ್ಕಿಗಳ ಹಿಂಡು ಇರುತ್ತದೆ, ಟ್ರ್ಯಾಕ್ಟರಿಗೆ ಹೆದರುವುದಿಲ್ಲ, ಬದುವಿನ ಮೇಲೆ ಕೂತವರಿಗೂ ಅಷ್ಟಾಗಿ ಹೆದರುವುದಿಲ್ಲ. ಪ್ರತಿ ಸುತ್ತಿಗೂ ಏಳುತ್ತವೆ, ಮತ್ತೆ ಇಳಿಯುತ್ತವೆ. ಹಕ್ಕಿ ಬರುವ ಮೊದಲೇ ಕ್ಯಾಮೆರಾ ಕಣ್ಣಿಗೆ ಹಿಡಿದು, ಸೊಂಟದಿಂದ ತಿರುಗಿ, ಕ್ಲಿಕ್ ಆದ ಮೇಲೂ ಹಕ್ಕಿಯ ಜೊತೆ ಸ್ವಲ್ಪ ದೂರ ತಿರುಗುತ್ತಾ ಹೋಗಿ. ಗದ್ದೆಯವರನ್ನು ಮೊದಲು ಒಂದು ಮಾತು ಕೇಳಿ, ಆಮೇಲೆ ಬದು ಹತ್ತಿ.