ಓದುಗರ ಪ್ರಶ್ನೆ: ಕಾಲೇಜು ಬದಲಿಸಿದ ಆಟಗಾರ ಒಂದು ಋತು ಹೊರಗುಳಿಯಬೇಕೆ?

ಪ್ರಶ್ನೆ: ಮಾನ್ಯರೇ, ನಮ್ಮ ಮಗ ಶಿರಸಿಯಲ್ಲಿ ಪಿಯುಸಿ ಮುಗಿಸಿ, ಹುಬ್ಬಳ್ಳಿಯಲ್ಲಿ ಒಂದು ವರ್ಷ ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಅಮೆರಿಕಕ್ಕೆ ಹೋದ. ಅಲ್ಲಿ ಜೂನಿಯರ್ ಕಾಲೇಜೊಂದರ (ನಮ್ಮ ಪಿಯು ಕಾಲೇಜಲ್ಲ, ಪದವಿಯ ಮೊದಲೆರಡು ವರ್ಷ ಕಲಿಸುವ ಕಾಲೇಜು) ಪರವಾಗಿ ಎರಡು ಋತು ಬಾಸ್ಕೆಟ್‌ಬಾಲ್ ಆಡಿ, ಈಗ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ಮೊದಲ ಡಿವಿಷನ್ನಿನ ವಿಶ್ವವಿದ್ಯಾಲಯವೊಂದಕ್ಕೆ ಸ್ಕಾಲರ್‌ಶಿಪ್ ಮೇಲೆ ಸೇರಿದ್ದಾನೆ. ಎತ್ತರ ಆರಡಿ ಮೂರಂಗುಲ, ತೂಕ 74 ಕಿಲೊ, ಗಾರ್ಡ್ ಸ್ಥಾನದಲ್ಲಿ ಆಡುತ್ತಾನೆ. ‘ಈ ವರ್ಷ ರೆಡ್‌ಶರ್ಟ್ ಆಗಿ ಉಳಿ, ಪಂದ್ಯ ಆಡಬೇಡ, ಮೈ ಕಟ್ಟಿಕೋ. ಎರಡು ಋತು ಆಡಲು ನಿನಗೆ ಮೂರು ವರ್ಷ ಇದೆ’ ಎಂದು ಅಲ್ಲಿನ ಕೋಚ್ ಹೇಳಿದ್ದಾರಂತೆ. ಮಗ ಗೊಂದಲದಲ್ಲಿದ್ದಾನೆ. ತೋಟದ ಮೇಲೆ ಸಾಲ ಮಾಡಿ ಕಳಿಸಿದ ನಮಗೂ ಏನು ಹೇಳಬೇಕೆಂದು ತೋಚುತ್ತಿಲ್ಲ.
— ಒಬ್ಬ ತಂದೆ, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹೆಚ್ಚು ಗಮನ ಕೊಡದೆ ದಾಟಿಹೋದ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅದು ಹುಬ್ಬಳ್ಳಿಯ ಆ ಒಂದು ವರ್ಷ. ಮಗನ ತೂಕ, ಕೋಚ್ ಅವರ ಯೋಜನೆ, ತಂಡದಲ್ಲಿ ಸಿಗಬಹುದಾದ ಸ್ಥಾನ ಇವೆಲ್ಲವನ್ನೂ ಅದು ಇತ್ಯರ್ಥವಾದ ಮೇಲೆ ನೋಡಬೇಕು.

ಎನ್‌ಸಿಎಎ ಮೊದಲ ಡಿವಿಷನ್ನಿನಲ್ಲಿ ಇದುವರೆಗೆ ನಡೆದುಬಂದ ನಿಯಮದ ಪ್ರಕಾರ ಒಬ್ಬ ಆಟಗಾರನಿಗೆ ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಋತು ಆಡಲು ಅವಕಾಶವಿದೆ. ಈ ಐದು ವರ್ಷಗಳ ಎಣಿಕೆ ಆತ ಅಮೆರಿಕದಲ್ಲಿ ಕಾಲಿಟ್ಟ ದಿನದಿಂದಾಗಲಿ, ಮೊದಲ ಪಂದ್ಯ ಆಡಿದ ದಿನದಿಂದಾಗಲಿ ಶುರುವಾಗುವುದಿಲ್ಲ; ಜಗತ್ತಿನ ಯಾವುದೇ ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ನೋಂದಾಯಿಸಿಕೊಂಡು ಮೊದಲ ಬಾರಿಗೆ ತರಗತಿಗೆ ಹಾಜರಾದ ದಿನದಿಂದ ಶುರುವಾಗುತ್ತದೆ. ಮಧ್ಯೆ ಓದು ಬಿಟ್ಟರೂ, ಕಾಲೇಜು ಬದಲಿಸಿದರೂ, ಒಂದು ಋತು ಆಡದೆ ಉಳಿದರೂ ಆ ಎಣಿಕೆ ನಿಲ್ಲುವುದಿಲ್ಲ. ನಮ್ಮ ಮಕ್ಕಳ ಬಸ್ ಪಾಸ್ ಹೇಗೆ ಪ್ರಯಾಣ ಮಾಡಿದರೂ ಮಾಡದಿದ್ದರೂ ಅದರ ಮೇಲೆ ನಮೂದಿಸಿದ ದಿನಾಂಕಕ್ಕೇ ಮುಗಿಯುತ್ತದೆಯೋ ಹಾಗೆ. ರೆಡ್‌ಶರ್ಟ್ ಆಗಿ, ಅಂದರೆ ತಂಡದಲ್ಲಿದ್ದೂ ಇಡೀ ಋತು ಪಂದ್ಯ ಆಡದೆ, ಉಳಿದವನಿಗೆ ಒಂದು ಋತು ಉಳಿತಾಯವಾಗುತ್ತದೆ, ಆದರೆ ವರ್ಷ ಉಳಿತಾಯವಾಗುವುದಿಲ್ಲ.

ಇದನ್ನು ನಿಮ್ಮ ಮಗನಿಗೆ ಅನ್ವಯಿಸಿ ನೋಡೋಣ. ಜೂನಿಯರ್ ಕಾಲೇಜಿನ ಎರಡು ವರ್ಷಗಳನ್ನು ಮಾತ್ರ ಹಿಡಿದರೆ ಕೋಚ್ ಹೇಳಿದ್ದು ಸರಿ: ಮೂರು ವರ್ಷ ಉಳಿದಿವೆ, ಎರಡು ಋತು ಉಳಿದಿವೆ, ಒಂದು ವರ್ಷ ಹೊರಗೆ ಕೂತರೂ ನಷ್ಟವಿಲ್ಲ. ಹುಬ್ಬಳ್ಳಿಯ ವರ್ಷವನ್ನೂ ಹಿಡಿದರೆ ಈಗಾಗಲೇ ಮೂರು ವರ್ಷ ಕಳೆದಿವೆ. ಉಳಿದಿರುವುದು ಎರಡೇ ವರ್ಷ, ಆಡಬೇಕಾದದ್ದೂ ಎರಡೇ ಋತು. ಈ ಸ್ಥಿತಿಯಲ್ಲಿ ಈ ವರ್ಷ ಆಡದೆ ಉಳಿದರೆ ಮುಂದಿನ ವರ್ಷ ಒಂದು ಋತು ಆಡುವಷ್ಟರಲ್ಲಿ ಅವಧಿಯೇ ಮುಗಿಯುತ್ತದೆ, ಉಳಿಸಿಕೊಂಡ ಋತು ಕಾಗದದ ಮೇಲೆ ಉಳಿದುಹೋಗುತ್ತದೆ. ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಹೋದದ್ದನ್ನು ನಮ್ಮ ಕಡೆಯ ಕುಟುಂಬಗಳು ‘ಮುಗಿದ ಕಥೆ’ ಎಂದು ಮರೆತುಬಿಡುತ್ತವೆ. ಅಲ್ಲಿನ ಲೆಕ್ಕದಲ್ಲಿ ಅದು ಮುಗಿದಿರುವುದಿಲ್ಲ. ಪರೀಕ್ಷೆಯಲ್ಲಿ ಪಾಸಾಗಿದ್ದನೋ ಇಲ್ಲವೋ ಎಂಬುದೂ ಇಲ್ಲಿ ಮುಖ್ಯವಲ್ಲ.

ಆದ್ದರಿಂದ ಮಗ ಈ ವಾರವೇ ತನ್ನ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಕಂಪ್ಲಯನ್ಸ್ ಕಚೇರಿಗೆ ಹೋಗಬೇಕು. ನಿಯಮಪಾಲನೆ ನೋಡಿಕೊಳ್ಳುವ ಈ ಕಚೇರಿ ಕೋಚ್ ಅವರಿಂದ ಬೇರೆಯಾದದ್ದು. ಹುಬ್ಬಳ್ಳಿ ಕಾಲೇಜಿನ ಪ್ರವೇಶ ಪತ್ರ, ಅಂಕಪಟ್ಟಿ, ವರ್ಗಾವಣೆ ಪ್ರಮಾಣಪತ್ರ ನಿಮ್ಮ ಮನೆಯಲ್ಲಿದ್ದರೆ ಇಂದೇ ಸ್ಕ್ಯಾನ್ ಮಾಡಿಸಿ ಕಳಿಸಿ. ಅಲ್ಲಿ ಆತ ಅಂತರ ಕಾಲೇಜು ಪಂದ್ಯ ಆಡಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಬೇಕು, ಏಕೆಂದರೆ ಅದು ಋತುಗಳ ಲೆಕ್ಕವನ್ನೇ ಬದಲಿಸಬಹುದು. ‘ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ’ ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಅರ್ಹತೆ ಇಲ್ಲದೆ ಆಡಿದ್ದು ಆಮೇಲೆ ಹೊರಬಿದ್ದರೆ ಆತನ ಆಟ ನಿಲ್ಲುವುದು ಮಾತ್ರವಲ್ಲ, ತಂಡ ಗೆದ್ದ ಪಂದ್ಯಗಳನ್ನೂ ದಾಖಲೆಯಿಂದ ಅಳಿಸಿಹಾಕಬಹುದು. ಎಷ್ಟು ವರ್ಷ, ಎಷ್ಟು ಋತು ಉಳಿದಿವೆ ಎಂಬ ಉತ್ತರ ಇ-ಮೇಲ್‌ನಲ್ಲಿ ಬರಲಿ, ಬಾಯಿಮಾತು ಸಾಲದು.

ನಿಯಮಗಳು ಈಚೆಗೆ ಬಹಳ ಅಲುಗಾಡುತ್ತಿರುವುದೂ ಲಿಖಿತ ಉತ್ತರ ಬೇಕೆನ್ನಲು ಒಂದು ಕಾರಣ. ಜೂನಿಯರ್ ಕಾಲೇಜಿನಲ್ಲಿ ಆಡಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ವಾದಿಸಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಿಯಾಗೊ ಪಾವಿಯಾ 2024ರ ಡಿಸೆಂಬರ್‌ನಲ್ಲಿ ಟೆನೆಸಿಯ ಫೆಡರಲ್ ನ್ಯಾಯಾಲಯದಿಂದ ತಮ್ಮ ಪರ ಆದೇಶ ಪಡೆದರು, ಅದರ ಬೆನ್ನಿಗೇ ಎನ್‌ಸಿಎಎ ಅಂಥದೇ ಸ್ಥಿತಿಯಲ್ಲಿದ್ದ ಇತರರಿಗೂ ಒಂದು ಋತುವಿನ ರಿಯಾಯಿತಿ ಕೊಟ್ಟಿತು. ಐದು ವರ್ಷಗಳಲ್ಲಿ ಐದೂ ಋತು ಆಡಲು ಬಿಡಬೇಕೆಂಬ ಚರ್ಚೆಯೂ ಬಲವಾಗಿ ನಡೆದಿದೆ. ಅದು ಜಾರಿಗೆ ಬಂದರೆ ರೆಡ್‌ಶರ್ಟ್ ಆಗಿ ಉಳಿಯುವುದಕ್ಕೆ ಅರ್ಥವೇ ಇರುವುದಿಲ್ಲ. ಇಂಥ ರಿಯಾಯಿತಿ ಮುಂದೆ ಸಿಕ್ಕೀತೆಂಬ ಭರವಸೆಯ ಮೇಲೆ ಕೈಯಲ್ಲಿರುವ ಋತುವನ್ನು ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಸಂಗತಿ ನಿಮಗೆ ಸ್ವಲ್ಪ ಸಮಾಧಾನ ಕೊಡಬಹುದು. ರೆಡ್‌ಶರ್ಟ್ ಆಗಲು ಅರ್ಜಿಯನ್ನೇನೂ ತುಂಬಬೇಕಾಗಿಲ್ಲ. ಇಡೀ ಋತು ಪಂದ್ಯಕ್ಕೆ ಇಳಿಯದೆ ಉಳಿದರೆ ಅದೇ ರೆಡ್‌ಶರ್ಟ್. ಋತು ನವೆಂಬರ್ ಆರಂಭದಲ್ಲಿ ಶುರುವಾಗುತ್ತದೆ. ಮೊದಲ ಕೆಲವು ಪಂದ್ಯಗಳಲ್ಲಿ ಆತನನ್ನು ಇಳಿಸದೆ, ತಂಡದ ಸ್ಥಿತಿಯನ್ನೂ ಕಚೇರಿಯ ಉತ್ತರವನ್ನೂ ನೋಡಿಕೊಂಡು ಡಿಸೆಂಬರ್‌ನಲ್ಲಿ ತೀರ್ಮಾನಿಸಿದರೂ ನಡೆಯುತ್ತದೆ. ಆದರೆ ಲೆಕ್ಕಕ್ಕೆ ಬರುವ ಪಂದ್ಯದಲ್ಲಿ ಒಂದೇ ಒಂದು ಸೆಕೆಂಡು ಅಂಕಣಕ್ಕೆ ಇಳಿದರೂ ಬಾಸ್ಕೆಟ್‌ಬಾಲ್‌ನಲ್ಲಿ ಆ ಋತು ಖರ್ಚಾಯಿತೆಂದೇ ಅರ್ಥ. ನಾಲ್ಕು ಪಂದ್ಯಗಳವರೆಗೆ ಆಡಿಯೂ ಋತು ಉಳಿಸಿಕೊಳ್ಳುವ ಸೌಲಭ್ಯ 2018ರಿಂದ ಇರುವುದು ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ. ಜನವರಿಯಲ್ಲಿ ಯಾರೋ ಒಬ್ಬ ಗಾರ್ಡ್ ಗಾಯಗೊಂಡನೆಂದು ಕೋಚ್ ನಿಮ್ಮ ಮಗನನ್ನು ಎಬ್ಬಿಸಿ ಕಳಿಸಿದರೆ ಅರ್ಧ ಋತುವಿಗಾಗಿ ಇಡೀ ಋತು ಹೋಗುತ್ತದೆ. ‘ಹೊರಗುಳಿದರೆ ಪೂರ್ತಿ ಹೊರಗೇ ಉಳಿಸುತ್ತೀರಾ’ ಎಂಬ ಪ್ರಶ್ನೆಯನ್ನು ಆತ ಮೊದಲೇ ಕೇಳಿಬಿಡಲಿ.

ಹುಬ್ಬಳ್ಳಿಯ ವರ್ಷ ಲೆಕ್ಕಕ್ಕಿಲ್ಲವೆಂದು ಲಿಖಿತವಾಗಿ ಬಂದಿತೆನ್ನೋಣ. ಆಗ ರೆಡ್‌ಶರ್ಟ್ ಆಗುವುದು ಒಳ್ಳೆಯದೆ? ಆರಡಿ ಮೂರಂಗುಲ ಎತ್ತರಕ್ಕೆ 74 ಕಿಲೊ ತೂಕವೆಂದರೆ ಮೊದಲ ಡಿವಿಷನ್ನಿನ ಗಾರ್ಡ್‌ಗೆ ಕಡಿಮೆಯೇ. ಎದುರಾಳಿ ತಂಡದ ದಢೂತಿ ಸೆಂಟರ್ ಸ್ಕ್ರೀನ್ ಹಾಕಿ ಅಡ್ಡ ನಿಂತಾಗ, ಚೆಂಡು ಹಿಡಿದವನನ್ನು ಕಾಯುತ್ತಿರುವ ಗಾರ್ಡ್ ಆ ದೇಹಕ್ಕೆ ಭುಜ ತಾಗಿಸಿಕೊಂಡೇ ಮುಂಬದಿಯಿಂದ ನುಸುಳಿ ಮತ್ತೆ ಚೆಂಡಿನ ಮುಂದೆ ನಿಲ್ಲಬೇಕು. ಅರೆಕ್ಷಣ ಹಿಂದೆ ಬಿದ್ದರೆ ಮೂರು ಅಂಕದ ಹೊಡೆತಕ್ಕೆ ಜಾಗ ಬಿಟ್ಟುಕೊಟ್ಟಂತೆ. ಇದಕ್ಕೆ ಬೇಕಾದ ಕಸುವು ಜಿಮ್‌ನಲ್ಲಿ ಒಂದು ವರ್ಷ ದುಡಿದರೆ ಬರುತ್ತದೆ. ರೆಡ್‌ಶರ್ಟ್ ಆಟಗಾರ ಅಭ್ಯಾಸದಲ್ಲಿ ಸಾಮಾನ್ಯವಾಗಿ ಮುಂದಿನ ಎದುರಾಳಿಯ ಆಟವನ್ನು ಅನುಕರಿಸುವ ಗುಂಪಿನಲ್ಲಿ ಇರುತ್ತಾನೆ, ಬೇರೆ ಬೇರೆ ತಂಡಗಳ ಚಲನೆ ಕಲಿಯಲು ಅದೂ ಒಳ್ಳೆಯ ಪಾಠವೇ. ಆದರೂ ನನ್ನ ಮನಸ್ಸು ಇನ್ನೊಂದು ಕಡೆಗೆ ವಾಲುತ್ತದೆ. ಹೊನಲು ಬೆಳಕಿನ ವಾಲಿಬಾಲ್ ಮತ್ತು ಕಬಡ್ಡಿಯ ನಮ್ಮ ಜಿಲ್ಲೆಯಿಂದ ಹೋದ ಹುಡುಗ ಅಲ್ಲಿಯ ಹುಡುಗರಿಗಿಂತ ಎಷ್ಟೋ ಕಡಿಮೆ ಪಂದ್ಯ ಆಡಿರುತ್ತಾನೆ, ಅವನಿಗೆ ಕೊರತೆ ಇರುವುದು ತೂಕಕ್ಕಿಂತ ಹೆಚ್ಚಾಗಿ ಪಂದ್ಯದ ಅನುಭವದಲ್ಲಿ. ಪಂದ್ಯಕ್ಕೆ ಹತ್ತು ಹನ್ನೆರಡು ನಿಮಿಷ ಸಿಗುವುದಿದ್ದರೆ ಆಡಲಿ. ಎರಡು ಮೂರು ನಿಮಿಷವಷ್ಟೇ, ಅದೂ ತಂಡ ಗೆದ್ದೋ ಸೋತೋ ಆದ ಮೇಲೆ ಎಂದಾದರೆ ಋತು ಉಳಿಸಿಕೊಳ್ಳುವುದೇ ಲೇಸು.

ಮುಂದಿನ ವರ್ಷದ ಸ್ಥಾನದ ಬಗ್ಗೆ ಯಾರು ಕೊಟ್ಟ ಮಾತನ್ನೂ ಪೂರ್ತಿ ನಂಬಿ ಕೂರುವಂತಿಲ್ಲ. ಹಿಂದೆ ಕಾಲೇಜು ಬದಲಿಸಿದ ಬಾಸ್ಕೆಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಕಡ್ಡಾಯವಾಗಿ ಹೊರಗೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿ ಹಾಗೆ ಕೂರದೆ ಬದಲಾಯಿಸಲು ಅವಕಾಶ ಸಿಕ್ಕಿತು. 2024ರಿಂದ ಓದಿನ ಮಟ್ಟ ಸರಿಯಿದ್ದರೆ ಎಷ್ಟು ಬಾರಿ ಬದಲಾಯಿಸಿದರೂ ಕೂಡಲೇ ಆಡಬಹುದು. ಪರಿಣಾಮವಾಗಿ ಪ್ರತಿ ವರ್ಷ ಋತು ಮುಗಿಯುತ್ತಿದ್ದಂತೆ ಕೋಚ್‌ಗಳಿಗೆ ನುರಿತ ಗಾರ್ಡ್‌ಗಳು ಬೇರೆ ಕಾಲೇಜುಗಳಿಂದ ಸಿಗುತ್ತಾರೆ. ಕೋಚ್ ಕೂಡ ಬೇರೆ ಕಡೆಗೆ ಹೋಗಬಹುದು, ಹೊಸಬರಿಗೆ ನಿಮ್ಮ ಮಗನನ್ನು ಕಾದಿರಿಸಿದ್ದೇಕೆಂಬುದು ಗೊತ್ತಿರುವುದಿಲ್ಲ. ಸ್ಕಾಲರ್‌ಶಿಪ್ ಎಷ್ಟು ವರ್ಷಕ್ಕೆಂದು ಪತ್ರದಲ್ಲಿ ಬರೆದಿದೆಯೋ ನೋಡಿ. ಆ ಅವಧಿಯೊಳಗೆ ಆಟ ಚೆನ್ನಾಗಿಲ್ಲವೆಂದು ಅದನ್ನು ಕಡಿತ ಮಾಡುವಂತಿಲ್ಲ. ಅವಧಿ ಒಂದೇ ವರ್ಷದ್ದಾಗಿದ್ದರೆ ರೆಡ್‌ಶರ್ಟ್‌ಗೆ ಒಪ್ಪುವ ಮೊದಲೇ ಅದನ್ನು ವಿಸ್ತರಿಸಿಕೊಳ್ಳಬೇಕು. ಸಾಲ ಮಾಡಿ ಕಳಿಸಿದ ಮನೆಯವರಾದ ನಿಮಗೆ ಇದು ಸಣ್ಣ ಮಾತಲ್ಲ.

ಓದಿನ ವಿಷಯದಲ್ಲಿ ರೆಡ್‌ಶರ್ಟ್ ವರ್ಷಕ್ಕೆ ಯಾವ ವಿನಾಯಿತಿಯೂ ಇಲ್ಲ. ಪದವಿಯ ಶೇ 40 ಭಾಗ ಮೂರನೆಯ ವರ್ಷದ ಆರಂಭಕ್ಕೆ, ಶೇ 60 ನಾಲ್ಕನೆಯದಕ್ಕೆ, ಶೇ 80 ಐದನೆಯದಕ್ಕೆ ಮುಗಿದಿರಬೇಕು. ವಿದ್ಯಾರ್ಥಿ ವೀಸಾದ ದೃಷ್ಟಿಯಿಂದಲೂ ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಓದಲೇಬೇಕು.

ಈಗ ನಿಮ್ಮ ಪತ್ರದಲ್ಲಿರುವಷ್ಟು ವಿವರದ ಮೇಲೆ ನನ್ನ ಸಲಹೆ ಇಷ್ಟು: ಕಂಪ್ಲಯನ್ಸ್ ಕಚೇರಿಯ ಲಿಖಿತ ಉತ್ತರ ಬರುವವರೆಗೆ ಮಗ ಕೋಚ್ ಅವರಿಗೆ ‘ಆಗಲಿ’ ಎನ್ನಬಾರದು. ಎರಡೇ ವರ್ಷ ಉಳಿದಿವೆ ಎಂದು ಬಂದರೆ ನಿಮಿಷಗಳು ಕಡಿಮೆ ಸಿಕ್ಕರೂ ಆತ ಈ ಋತು ಆಡುವುದೇ ಸರಿ.

ಪ್ರಶ್ನೆ: ನನ್ನ ಮೊಮ್ಮಗಳು ಅಮೆರಿಕದಲ್ಲೇ ಬೆಳೆದವಳು. ಕಾಲೇಜು ಬದಲಿಸಿ ಹೊಸ ತಂಡದಲ್ಲಿ ಐದು ಪಂದ್ಯ ಆಡುವಷ್ಟರಲ್ಲಿ, ಡಿಸೆಂಬರ್ ಮೊದಲ ವಾರ, ಮೊಣಕಾಲಿನ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾಯಿತು. ಅವಳ ಈ ಋತು ಹೋಯಿತೇ?
— ಒಬ್ಬ ಅಜ್ಜಿ, ಕಾರವಾರ

ಉತ್ತರ: ಹೋಗಿಲ್ಲದಿರುವ ಸಾಧ್ಯತೆಯೇ ಹೆಚ್ಚು, ಅಮ್ಮಾ. ಋತುವಿನ ಮೊದಲರ್ಧದಲ್ಲಿ ಗಾಯವಾಗಿ, ಮುಂದೆ ಆ ಋತು ಆಡಲಾಗದಂತಾದರೆ, ಆಡಿದ ಪಂದ್ಯಗಳು ಶೇ 30ರ ಮಿತಿಯೊಳಗಿದ್ದರೆ ಆ ಋತುವನ್ನು ಹಿಂದಿರುಗಿಸುವಂತೆ ಮನವಿ ಸಲ್ಲಿಸಬಹುದು. ಮೂವತ್ತು ಪಂದ್ಯಗಳ ಋತುವಿಗೆ ಆ ಮಿತಿ ಒಂಬತ್ತು, ನಿಮ್ಮ ಮೊಮ್ಮಗಳು ಆಡಿದ್ದು ಐದು. ಇದು ರೆಡ್‌ಶರ್ಟ್‌ನಂತೆ ತಾನಾಗಿಯೇ ಆಗುವುದಲ್ಲ. ಗಾಯವಾದ ಕಾಲದ ವೈದ್ಯಕೀಯ ದಾಖಲೆಗಳೊಂದಿಗೆ ಆಕೆಯ ವಿಶ್ವವಿದ್ಯಾಲಯವೇ ಮನವಿ ಹಾಕಬೇಕು. ಮನವಿ ಮಂಜೂರಾದರೂ ಐದು ವರ್ಷಗಳ ಎಣಿಕೆ ಅದರಿಂದ ಹಿಗ್ಗುವುದಿಲ್ಲ. ಅದನ್ನು ವಿಸ್ತರಿಸಲು ಬೇರೆಯೇ ಅರ್ಜಿ ಬೇಕು, ಮತ್ತು ತನ್ನ ಕೈಮೀರಿದ ಕಾರಣದಿಂದ ಒಂದಕ್ಕಿಂತ ಹೆಚ್ಚು ಋತು ಕಳೆದುಕೊಂಡವರಿಗೆ ಮಾತ್ರ ಅದು ಸಿಗುತ್ತದೆ. ಹಿಂದಿನ ಕಾಲೇಜಿನಲ್ಲಿಯೂ ಆಕೆ ಗಾಯದಿಂದ ಒಂದು ಋತು ಕಳೆದುಕೊಂಡಿದ್ದರೆ ಅಲ್ಲಿನ ವೈದ್ಯಕೀಯ ಕಡತವನ್ನೂ ಈಗಲೇ ತರಿಸಿಡುವಂತೆ ಹೇಳಿ.